ಖಾಲಿ ತಟ್ಟೆ

"ಅಲ್ಲ ಕಣೆ, ತಟ್ಟೆ ವಾಪಸ್ ಬರಲಿಲ್ಲ ಅಂತ ಯಾರಾದ್ರೂ ಗಂಡನ್ನ ಬಿಟ್ಟು ಹೋಗ್ತಾರಾ?" ಸ್ತಮಾತಿಸ್ ಬೂಟಿನ ದಾರ ಕಟ್ಟುತ್ತಾ ನಗಲು ನೋಡಿದ. ನಗು ಬರಲಿಲ್ಲ.

"ತಟ್ಟೆಗಲ್ಲ. ಈ ಊರಿಗೆ ನಾನು ಬೇಡ, ಅದಕ್ಕೆ." ಝೋಯಿತ್ಸಾ ಉಳಿದಿದ್ದ ಒಂದೇ ತಟ್ಟೆಯನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟಳು.

ನೀಲಿ ಹೂವಿನ ಆ ತಟ್ಟೆಗಳು ಅವಳ ಅಮ್ಮ ಮದುವೆಗೆ ಕೊಟ್ಟವು. ತವರೂರು ಮೆತ್ಸೊವೊದಿಂದ ಈ ಬಂದರು ಪಟ್ಟಣ ಪಿರೇಯಸ್ಸಿಗೆ ಬಂದ ಹೊಸದರಲ್ಲಿ ಅವಳು ಸೊಪ್ಪು, ಚೀಸು ತುಂಬಿದ ಪೀಟಾ ಬೇಯಿಸಿ, ಮನೆಗೊಂದು ತಟ್ಟೆಯಂತೆ ತಾವಿದ್ದ ಕಟ್ಟಡಕ್ಕೆಲ್ಲ ಹಂಚಿ ಬಂದಿದ್ದಳು. ಗುಡ್ಡದ ಮೇಲಿನ ಅವಳ ಊರಲ್ಲಾದರೆ ಕತ್ತಲಾಗುವುದರೊಳಗೆ ತಟ್ಟೆ ತಿರುಗಿ ಬಂದಿರುತ್ತಿತ್ತು, ಮೇಲೆ ನಾಲ್ಕು ಅಕ್ರೋಟೋ, ಒಂದು ಮುದ್ದೆ ಬೆಣ್ಣೆಯೋ. ತಂದವಳು ಜಗಲಿಯಲ್ಲಿ ಕೂತರೆ ಏಳುವುದು ದೀಪ ಹಚ್ಚಿದ ಮೇಲೆಯೇ. ಯಾರ ಮನೆ ಒಲೆ ಹೊಗೆಯಾಡಲಿಲ್ಲ ಎನ್ನುವುದೂ ಅಲ್ಲಿ ಊರಿಗೆಲ್ಲ ಗೊತ್ತು. ಒಬ್ಬಳೇ ಕೂತು ಅಳೋಣವೆಂದರೂ ಬಿಡುವವರಿಲ್ಲ. ಇಲ್ಲೋ! ಹಡಗು ಕೂಗುತ್ತದೆ, ಜನ ಓಡುತ್ತಾರೆ. ಮೆಟ್ಟಿಲಲ್ಲಿ ಎದುರಾದವರು ಗೋಡೆ ನೋಡುತ್ತಾ ಸರಿದುಹೋಗುತ್ತಾರೆ. ಚಳಿಗಾಲ ಕಳೆಯಿತು, ಒಂದು ತಟ್ಟೆಯೂ ಬಂದಿಲ್ಲ.

"ಸಂಜೆ ನಾನು ಬರೋವರೆಗಾದ್ರೂ ಇರು. ಬಸ್ಸಿಗೆ ನಾನೇ ಹತ್ತಿಸ್ತೀನಿ," ಎಂದು ಸ್ತಮಾತಿಸ್ ಬಂದರಿನಲ್ಲಿ ಹಡಗು ಎಳೆಯುವ ಟಗ್ ದೋಣಿಯ ಕೆಲಸಕ್ಕೆ ಹೋದ. ಅವನ ಮೇಲೆ ಅವಳಿಗೆ ಕೋಪವಿರಲಿಲ್ಲ. ಅದೇ ಸಂಕಟ.

ಅವನ ಮುಖ ನೋಡಿದರೆ ಹೆಜ್ಜೆ ಏಳುವುದಿಲ್ಲವೆಂದು ಮಧ್ಯಾಹ್ನವೇ ಪೆಟ್ಟಿಗೆ ಹಿಡಿದು ಹೊರಟಳು. ಕೆಳಮಹಡಿಯಲ್ಲಿ ಮರೀಗೊ ಮನೆಯ ಬಾಗಿಲು ತೆರೆದಿತ್ತು. ಹಡಗುಗಳ ಅಡುಗೆಮನೆ ತೊಳೆಯುವ ವಿಧವೆ ಅವಳು. ಒಳಗೆ ದೇವಮಾತೆಯ ಪಟದ ಪಕ್ಕದಲ್ಲಿ ನೀಲಿ ಹೂವಿನ ತಟ್ಟೆ ಥಳಥಳ ಹೊಳೆಯುತ್ತಿತ್ತು.

ಝೋಯಿತ್ಸಾಗೆ ಮೈಯೆಲ್ಲ ಉರಿಯಿತು. "ಮರೀಗೊ ಅಮ್ಮ, ಅದು ನನ್ನ ತಟ್ಟೆ!"

ಮುದುಕಿ ಕದ್ದು ಸಿಕ್ಕಿಬಿದ್ದವಳಂತೆ ಎದ್ದು ನಿಂತಳು. "ಗೊತ್ತು ಮಗಳೇ, ದಿನಾ ಒರೆಸಿ ಇಡ್ತೀನಿ. ಖಾಲಿ ತಟ್ಟೆ ಹೆಂಗಮ್ಮ ತಂದುಕೊಡ್ಲಿ? ನಾನು ಹುಟ್ಟಿದ ದ್ವೀಪದಲ್ಲಿ ನಮ್ಮಮ್ಮನೂ ಅಷ್ಟು ಕಲಿಸಿದಾಳೆ. ಏನಾದ್ರೂ ಬೇಯಿಸೋಣ ಅಂದ್ರೆ ಈ ಹಾಳು ಓವನ್ನಿನ ಬಾಗಿಲು ಮುಚ್ಚಿಕೊಂಡು ನಿಲ್ಲಲ್ಲ. ಅಂಗಡಿ ಬಿಸ್ಕತ್ತು ಇಟ್ಟುಕೊಡೋಕೆ ಮನಸ್ಸು ಬರಲಿಲ್ಲ."

"ಮತ್ತೆ ಮೇಲಿನವರು?"

"ಅವರದೂ ಅದೇ ಕಥೆ! ಕ್ರೇನ್ ಓಡಿಸ್ತಾನಲ್ಲ ಪಾಂಡೆಲಿಸ್, ನಿನ್ನ ಹೆಜ್ಜೆ ಸದ್ದು ಕೇಳಿದ್ರೆ ಮೆಟ್ಟಿಲಲ್ಲೇ ತಿರುಗಿ ಓಡ್ತಾನೆ. 'ಹಡಗು ತುಂಬಿಸೋನು ನಾನು, ಒಂದು ತಟ್ಟೆ ತುಂಬಿಸೋಕೆ ಆಗ್ತಿಲ್ಲವಲ್ಲ' ಅಂತ ನನ್ನ ಹತ್ರ ಅಳುಮೋರೆ ಹಾಕ್ತಾನೆ. ಹೆಂಡತಿ ಇಲ್ಲ, ಮೊಟ್ಟೆ ಬೇಯಿಸೋಕೂ ಬರಲ್ಲ, ಪಾಪ."

ಝೋಯಿತ್ಸಾ ನಕ್ಕುಬಿಟ್ಟಳು; ನಗುತ್ತಲೇ ಕಣ್ಣು ತುಂಬಿತು. ಇವರೆಲ್ಲ ಗೋಡೆ ನೋಡಿದ್ದು ನಾಚಿಕೆಗೆ! "ಎಲ್ಲಿ, ಓವನ್ ತೋರಿಸಿ," ಎಂದು ಅಂಗಿಯ ತೋಳು ಮೇಲೇರಿಸಿದಳು.

ಸಂಜೆ ಸ್ತಮಾತಿಸ್ ಮೆಟ್ಟಿಲು ಹಾರಿಕೊಂಡು ಮೇಲೆ ಹೋದ ಸದ್ದು ಕೇಳಿತು. ಅವರ ಮನೆ ಬಾಗಿಲು ತೆರೆಯಿತು. ಆಮೇಲೆ ಎಷ್ಟು ಹೊತ್ತಾದರೂ ಸದ್ದೇ ಇಲ್ಲ.

"ರೀ! ಇಲ್ಲಿದ್ದೀನಿ, ಕೆಳಗೆ!"

ಅವನು ನಿಧಾನವಾಗಿ ಇಳಿದು ಬಂದು ಬಾಗಿಲಲ್ಲಿ ನಿಂತ. ಮನೆ ತುಂಬ ದಾಲ್ಚಿನ್ನಿ ವಾಸನೆ. ಓವನ್ ಬಾಗಿಲಿಗೆ ಕುರ್ಚಿಯೊಂದನ್ನು ಒತ್ತಿ ನಿಲ್ಲಿಸಿದ್ದರು. ಕುರ್ಚಿ ಜರುಗದಂತೆ ಅದರ ಮೇಲೆ ಅವಳ ಪೆಟ್ಟಿಗೆ. ಅವನ ಕೈ ತಾನಾಗಿ ಅದರತ್ತ ಹೋಯಿತು.

"ಅದನ್ನ ಮುಟ್ಟಬೇಡಪ್ಪ," ಎಂದಳು ಮರೀಗೊ. "ಇನ್ನೂ ಬೆಂದಿಲ್ಲ."