ಸುಣ್ಣದ ಕಲ್ಲು

ಚೌರಪ್ಪ ಮೇಷ್ಟ್ರು ಸೀಟಿ ಊದಿದರೆ ಹುಣಸೂರಿನ ಸ್ಕೂಲು ಮೈದಾನದಲ್ಲಿ ಬೀದಿನಾಯಿಯೂ ನೆಟ್ಟಗೆ ನಿಲ್ಲುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಜರ್ಮನ್ ಯುದ್ಧದ ಕಾಲದಲ್ಲಿ ಮಹಾರಾಜರ ಕುದುರೆ ಪಡೆಯಲ್ಲಿದ್ದು ಬಂದು ಡ್ರಿಲ್ ಮೇಷ್ಟ್ರಾದ ಆಸಾಮಿ. ಯಾರಾದರೂ ಮೈ ಸರಿಯಿಲ್ಲ ಎಂದು ಬಾಯಿಬಿಟ್ಟರೆ ಸಾಕು, "ಮೊದ್ಲು ಬಯಲಿಗೆ ಬಾ, ಕೈಕಾಲು ಆಡ್ಸು, ಔಷಧಿ ಆಮೇಲೆ" ಅನ್ನುತ್ತಿದ್ದರು. ಅಂಥ ಮನುಷ್ಯನ ಒಬ್ಬಳೇ ಮಗಳು ಲೂರ್ದುವಿಗೆ ಮದುವೆಯ ವಯಸ್ಸಿನಲ್ಲಿ ಕ್ಷಯ ಹಿಡಿಯಿತು. ಆ ದೇವರಿಗೆ ಬೇರೆ ಮನೆಯೇ ಸಿಗಲಿಲ್ಲವೇ, ನೀವೇ ಹೇಳಿ.

ಮೈಸೂರಿನ ಡಾಕ್ಟರು ಹಾಲು, ಮೊಟ್ಟೆ, ಬಯಲು ಗಾಳಿ ಎಂದರು. ಬೆಳಿಗ್ಗೆ ಆದಷ್ಟು ನಡೆಯಲಿ, ಆಯಾಸವಾದರೆ ಕೂರಲಿ ಎಂದೂ ಹೇಳಿದರು. ಮೇಷ್ಟ್ರಿಗೆ ಕೂರುವ ಮಾತು ಕಿವಿಗೇ ಬೀಳಲಿಲ್ಲ. ಮೈದಾನದ ಅಂಚಿನಲ್ಲಿದ್ದ ಒಂದು ಗುಂಡುಕಲ್ಲನ್ನು ಹೊತ್ತು ತಂದು, ಸುಣ್ಣ ಬಳಿದು, ಲಕ್ಷ್ಮಣತೀರ್ಥ ಹೊಳೆಯ ಸೇತುವೆಯ ಬುಡದಲ್ಲಿಟ್ಟರು. ಅವರ ಮನೆ ಜಗಲಿಯಿಂದ ಅಲ್ಲಿಗೆ ಒಂದೇ ನೇರ ರಸ್ತೆ.

"ದಿನಾ ಇದನ್ನ ಮುಟ್ಟಿ ಬರ್ಬೇಕು ಕಣಮ್ಮ. ನೀನು ಮುಟ್ತಾ ಇರೋಗಂಟ ಆ ಕಾಯಿಲೆ ನಿನ್ನ ಏನೂ ಮಾಡಕ್ಕಾಗಲ್ಲ" ಎಂದರು.

ಪಾಪ, ಹುಡುಗಿ ನಂಬಿದಳು. ಮಳೆಗಾಲ ಮುಗಿದಾಗಿನಿಂದ ಅಪ್ಪನ ಹಳೆಯ ಉಣ್ಣೆ ಕೋಟು ಹೊದ್ದು ದಿನಾ ಹೋಗಿ ಬಂದಳು. ವಾಪಸ್ಸು ಬಂದವಳೇ "ಮುಟ್ಟಿದೆ ಕಣವ್ವ" ಎಂದು ಅಡುಗೆಮನೆಯ ಕಡೆ ಕೂಗುವಳು. ತಾಯಿ ಜ್ಞಾನಮ್ಮನಿಗೆ ಅದನ್ನು ಕೇಳಿದ ಮೇಲೇ ಒಲೆ ಹತ್ತುತ್ತಿದ್ದುದು. ದೀಪಾವಳಿಯ ಹೊತ್ತಿಗೆ ಉಸಿರು ಸಾಲದಾಯಿತು. ಒಂದು ದಿನ ಸೇತುವೆಗೂ ಇನ್ನೂ ಈಚೆ, ಹುಣಸೆಮರದ ಕೆಳಗೆ ಕುಸಿದು ಕುಳಿತಳು. ಕಲ್ಲು ಕಣ್ಣಿಗೆ ಕಾಣುತ್ತಿದೆ, ಕಾಲು ಏಳುತ್ತಿಲ್ಲ. ಅವತ್ತು ಅನ್ನ ಮುಟ್ಟಲಿಲ್ಲ.

ಸಂಜೆ ಮೇಷ್ಟ್ರು ಗಾಳಿ ಸೇವನೆಗೆ ಹೋದವರ ಹಾಗೆ ಹೋಗಿ, ಆ ಕಡೆ ಈ ಕಡೆ ನೋಡಿ, ಕಲ್ಲನ್ನು ಮರದ ಈಚೆಗೆ ಉರುಳಿಸಿ ಬಂದರು. ಒಂದು ಸುತ್ತು ಕಡಿಮೆ ಓಡಿದ ಹುಡುಗರ ಕಿವಿ ಹಿಂಡುತ್ತಿದ್ದ ಮನುಷ್ಯ! ಮಾರನೆಯ ಬೆಳಿಗ್ಗೆ ಮಗಳು "ಮುಟ್ಟಿದೆ ಕಣವ್ವ" ಎಂದು ಕೂಗಿದಾಗ ಕೊಟ್ಟಿಗೆಗೆ ಹೋಗಿ ಕಣ್ಣೊರೆಸಿಕೊಂಡರು. ಆಮೇಲೆ ಅದೇ ಅಭ್ಯಾಸವಾಯಿತು. ಕಲ್ಲು ಮರ ಬಿಟ್ಟು ಅಶ್ವತ್ಥಕಟ್ಟೆಗೆ ಬಂತು, ಕಟ್ಟೆ ಬಿಟ್ಟು ಬಾವಿಯ ಹತ್ತಿರ ಬಂತು. ತಾನು ಸರಿಸಿದ್ದಕ್ಕಿಂತ ಹೆಚ್ಚೇ ಸರಿದಂತಿದೆಯಲ್ಲ ಎಂದು ಒಮ್ಮೊಮ್ಮೆ ಅನ್ನಿಸಿದರೂ, ಚಿಂತೆಯಲ್ಲಿ ನನ್ನ ಲೆಕ್ಕವೇ ತಪ್ಪಿರಬೇಕು ಎಂದುಕೊಂಡರು.

ಹೀಗೇ ಕ್ರಿಸ್ಮಸ್ ಬಂತು. ಬೇರೆ ವರ್ಷಗಳಲ್ಲಾಗಿದ್ದರೆ ಬಿದಿರುಕಡ್ಡಿಯ ನಕ್ಷತ್ರ ಸೂರಿನಲ್ಲಿ ತೂಗುತ್ತಿತ್ತು, ಕಜ್ಜಾಯದ ತಟ್ಟೆ ಬೀದಿಯ ಎಲ್ಲ ಮನೆಗೂ ಹೋಗುತ್ತಿತ್ತು. ಈ ವರ್ಷ ಜ್ಞಾನಮ್ಮ ಒಲೆಯ ಮೇಲೆ ಎಣ್ಣೆ ಬಾಣಲೆಯನ್ನೇ ಇಡಲಿಲ್ಲ. ಮೇರಿಮಾತೆಯ ಹಬ್ಬದಲ್ಲಿ ಕಳಿಸಿದ ಕಜ್ಜಾಯವನ್ನು ಪಕ್ಕದ ಮನೆಯವರು ನಗುನಗುತ್ತಲೇ ಇಸಿದುಕೊಂಡು ಹಿತ್ತಿಲಲ್ಲಿ ಎಮ್ಮೆಗೆ ಹಾಕಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಕ್ಷಯದ ಮನೆಯ ತಿಂಡಿ, ಏನು ಮಾಡಕ್ಕಾಗುತ್ತೆ! ಈಗ ಆ ಮನೆಯಲ್ಲಿ ಧೈರ್ಯವಾಗಿ ಟೀ ಕುಡಿಯುತ್ತಿದ್ದವರು ಒಬ್ಬರೇ, ನಾಲ್ಕು ಮನೆ ಆಚೆ ಅಂಗಡಿಯಿಟ್ಟು ಕುದುರೆ ಜೀನು ಹೊಲಿಯುವ ಪೀರ್ ಸಾಬ್. ಅವರಿಗೆ ಕೊಡಲೂ ಮನೆಮಟ್ಟಿಗೂ ಒಂದಿಷ್ಟು ರವೆ ಉಂಡೆ ಕಟ್ಟಿದಳು.

ಹಬ್ಬದ ಹಿಂದಿನ ದಿನ ಲೂರ್ದು ಬಾವಿಯವರೆಗೂ ಹೋಗಲಾರದೆ ಅರ್ಧಕ್ಕೇ ತಿರುಗಿದ್ದಳು. ಮಲಗಿದಲ್ಲಿಂದಲೇ ಅಂದಳು: "ನಕ್ಷತ್ರ ಬ್ಯಾಡ, ಕಜ್ಜಾಯನೂ ಬ್ಯಾಡ ಕಣಪ್ಪ. ನಾಳೆ ಹಬ್ಬದ ದಿನ ಕಲ್ಲೊಂದು ಮುಟ್ಟುಬುಟ್ರೆ ಸಾಕು ನಂಗೆ."

ಹಬ್ಬದ ಬೆಳಿಗ್ಗೆ ಮಂಜು ಕವಿದಿತ್ತು. ಲೂರ್ದು ಕೋಟಿನ ಗುಂಡಿ ಹಾಕಿಕೊಂಡು ಬಾಗಿಲು ತೆಗೆದಳು. ಕಲ್ಲು ಜಗಲಿಯ ಮೆಟ್ಟಿಲ ಬುಡದಲ್ಲೇ ಬೆಳ್ಳಗೆ ಕೂತಿತ್ತು.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆಕೆ ನೆಲ ನೋಡುತ್ತಿದ್ದಳು. ಹಬ್ಬದ ಸಲಾಮು ಹೇಳಲು ಬಂದಿದ್ದ ಪೀರ್ ಸಾಬರು ಆಕಾಶ ನೋಡುತ್ತಿದ್ದರು.

"ಇದನ್ನ ಇಲ್ಲಿಗಂಟ ತಂದೋರ್ಯಾರು?" ಎಂದಳು ಲೂರ್ದು.

"ನಾನು ಸಾಯಂಕಾಲ ಸಾಬರ ಅಂಗಡಿವರ್ಗೂ ಅಷ್ಟೇ ತಂದಿದ್ದು" ಎಂದರು ಮೇಷ್ಟ್ರು, ಸಿಕ್ಕಿಬಿದ್ದ ಹುಡುಗನ ದನಿಯಲ್ಲಿ.

"ನಾನು ನೀರಿಗೋದಾಗ ಒಂಚೂರು ಈಚೆಗೆ ತಳ್ಳಿದೆ. ಯಾವಾಗ್ಲೂ ಒಂಚೂರೇ ಕಣ್ರೀ ನಾನು ತಳ್ಳೋದು" ಎಂದಳು ಜ್ಞಾನಮ್ಮ.

ಪೀರ್ ಸಾಬರು ಗಡ್ಡ ಕೆರೆದುಕೊಂಡರು. "ನಾನು ದಿನಾ ಬೆಳಗಿನ ನಮಾಜಿಗೆ ಹೋಗ್ವಾಗ ಒಂದು ಕೈ ಹಾಕ್ತಿದ್ದೆ ಮೇಷ್ಟ್ರೇ. ಇವತ್ತು ಬೇಟೀದು ಹಬ್ಬ ಅಲ್ವಾ ಅಂತ ಎತ್ಕೊಂಡೇ ಬಂದ್ಬುಟ್ಟೆ. ನೀವಿಬ್ರೂ ಇದೇ ಕೆಲ್ಸ ಮಾಡ್ತಿದ್ದೀರಿ ಅಂತ ನಂಗೇನು ಕನಸು ಬಿದ್ದಿತ್ತಾ?"

ಲೂರ್ದುವಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದು ನೋಡಿ ಮೂವರೂ ನಕ್ಕರು. ಎಷ್ಟು ತಿಂಗಳಾಗಿತ್ತೋ ಆ ಮನೆಯವರು ಹಾಗೆ ನಕ್ಕು! ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಂತಾಗ ಜ್ಞಾನಮ್ಮ ಮಗಳ ಬಾಯಿ ಒರೆಸಿದ ಸೆರಗನ್ನು ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಲೂರ್ದು ಒಂದು ಮೆಟ್ಟಿಲು ಇಳಿದು ಬಗ್ಗಿ ಕಲ್ಲಿನ ಮೇಲೆ ಕೈಯಿಟ್ಟಳು. "ಮುಟ್ಟಿದೆ ಕಣವ್ವ" ಎಂದಳು.

ಕಂಬಕ್ಕೊರಗಿ ಸುಧಾರಿಸಿಕೊಂಡ ಮೇಲೆ ಅವಳೇ ಅಂದಳು: "ಅಪ್ಪ, ಇದನ್ನ ಮೊದ್ಲಿದ್ದ ಜಾಗದಲ್ಲೇ ಇಟ್ಟು ಬಾ. ನಾನು ಎಷ್ಟು ದೂರ ಓಗ್ತಿದ್ದೆ ಅಂತ ಒಂದ್ಸಲ ನೋಡ್ಬೇಕು. ಇವತ್ತು ನಾನೇ ಮೇಷ್ಟ್ರು. ನಾನು ಅಬೌಟ್ ಟರ್ನ್ ಅನ್ನೋಗಂಟ ನೀನು ತಿರುಗೋ ಆಗಿಲ್ಲ, ನಿನ್ನ ರೂಲೇ ಅದು."

ಮೇಷ್ಟ್ರು ಕೊರಳಿನ ಸೀಟಿ ತೆಗೆದು ಕೊಡಹೋದರು. "ಅದು ಬ್ಯಾಡ ಬುಡಪ್ಪ, ಊದಕ್ಕಾಗಲ್ಲ. ಬಾಯಲ್ಲೇ ಏಳ್ತೀನಿ" ಎಂದಳು.

ಅವರು ಕಲ್ಲನ್ನು ಹೆಗಲಿಗೇರಿಸಿ ಹೊರಟರು. ಹಿಂದಿನಿಂದ "ಲೆಫ್ಟ್, ರೈಟ್" ಬರುತ್ತಿತ್ತು. ಪೀರ್ ಸಾಬರ ಅಂಗಡಿಯವರೆಗೆ ಚೆನ್ನಾಗಿಯೇ ಬಂತು. ಬಾವಿಯ ಹತ್ತಿರ ಲೆಫ್ಟ್ ಮಾತ್ರ ಕೇಳಿಸಿತು. ಅಶ್ವತ್ಥಕಟ್ಟೆ ದಾಟಿದ ಮೇಲೆ ಅವರ ಬೂಟಿನ ಸದ್ದು ಬಿಟ್ಟರೆ ಏನೂ ಇಲ್ಲ. ಆದರೂ ಹೆಜ್ಜೆ ತಪ್ಪಿಸಲಿಲ್ಲ. ಸೇತುವೆಯ ಬುಡದಲ್ಲಿ ಹಳೆಯ ಜಾಗ ಹುಲ್ಲು ಬೆಳೆಯದೆ ಹಾಗೇ ಇತ್ತು. ಕಲ್ಲನ್ನು ಅಲ್ಲೇ ಇಳಿಸಿ, ಹೊಳೆಗೆ ಮುಖ ಮಾಡಿ ಅಟೆನ್ಷನ್ನಿನಲ್ಲಿ ನಿಂತರು.

ಆರ್ಡರ್ ಬರಲಿಲ್ಲ. ಮಂಜು ಕರಗಿತು, ಬಿಸಿಲು ಬಂತು. ಕೊಡಗಿನ ಕಡೆಯಿಂದ ಕಾಫಿ ಮೂಟೆ ಹೇರಿಕೊಂಡು ಬಂದ ಕರಿಯಪ್ಪ ಗಾಡಿ ನಿಲ್ಲಿಸಿದ. "ಯಾಕ್ ಮೇಷ್ಟ್ರೇ, ಅಬ್ಬದ ದಿನ ಒಬ್ರೇ ಇಂಗ್ ನಿಂತಿದ್ದೀರಿ?"

"ಆರ್ಡರ್ ಬಂದಿಲ್ಲ ಕಣಯ್ಯ" ಎಂದರು ಮೇಷ್ಟ್ರು. ಕರಿಯಪ್ಪ ಅವರನ್ನೊಂದು ಸಲ ಮೇಲಿಂದ ಕೆಳಗೆ ನೋಡಿ ಎತ್ತು ಹೊಡೆದ.

ಮೇಷ್ಟ್ರು ಕಿವಿಗೊಟ್ಟು ಕಾದರು. ಮರೆತಳೇ? ಮತ್ತೆ ಕೆಮ್ಮು ಬಂತೇ? ತಿರುಗಿದರೆ ಏನು ಕಾಣಬೇಕಾಗುತ್ತದೋ ಎನ್ನುವ ಭಯ ಒಂದು ಕಡೆ, ತಿರುಗದಿದ್ದರೆ ಜೀವ ನಿಲ್ಲದು. ಕೊನೆಗೆ ಮೈ ಅಲುಗಿಸದೆ ಕತ್ತು ಮಾತ್ರ ಹೊರಳಿಸಿ, ಹೆಗಲ ಮೇಲಿಂದ ಕದ್ದು ನೋಡಿದರು.

ಲೂರ್ದು ಕಂಬ ಹಿಡಿದು ನಿಂತಿದ್ದಳು. ಒಂದು ಕೈ ಮೇಲೆತ್ತಿದ್ದಳು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಜ್ಞಾನಮ್ಮ ಹಿಂದಿನಿಂದ ತಬ್ಬಿಕೊಂಡು ಸಾಕು ಸಾಕು ಎಂದು ಬೇಡುತ್ತಿದ್ದಂತಿತ್ತು. ಹುಡುಗಿ ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ ಏನೋ. ಒಂದು ಅಕ್ಷರವೂ ಈ ಕಡೆಗೆ ಬಂದಿರಲಿಲ್ಲ.

ಮೇಷ್ಟ್ರು ಮುಖವನ್ನು ಮತ್ತೆ ಹೊಳೆಯ ಕಡೆ ತಿರುಗಿಸಿಕೊಂಡರು. ಎದೆ ಸೆಟೆಸಿದರು. ಆಮೇಲೆ ಆಗಷ್ಟೇ ಆರ್ಡರ್ ಕಿವಿಗೆ ಬಿದ್ದವರ ಹಾಗೆ ಗಿರಕ್ಕನೆ ಅಬೌಟ್ ಟರ್ನ್ ಹೊಡೆದು, ನೆಲಕ್ಕೆ ಕಾಲು ಅಪ್ಪಳಿಸಿದರು.

"ಕೇಳುಸ್ತು ಕಣಮ್ಮ!" ಎಂದು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದರು. "ಚೆನ್ನಾಗಿ ಕೇಳುಸ್ತು!"

ಅಷ್ಟು ದೂರದಲ್ಲಿ ಲೂರ್ದು ಕೈ ಇಳಿಸಿದಳು.