ಜಡೆ ಹೆಣೆಯುವ ಹೊತ್ತು

ಹುಚ್ಚೆಳ್ಳು ಹುರಿದ ಘಮ ಬಂದರೆ ಲೋಹಿತಾಗೆ ನಾಗಲಮಡಿಕೆಯ ತವರು ನೆನಪಾಗುತ್ತಿತ್ತು. ಅವ್ವ ಬಾಣಲೆ ಇಟ್ಟಳೆಂದರೆ, ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವಳು ಮೂಗು ತೋರಿದ ದಾರಿಯಲ್ಲಿ ಒಳಗೆ ಬರುತ್ತಿದ್ದಳು. ಅವ್ವ ಬಿಸಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ ಕೊಡುತ್ತಿದ್ದಳು. ಮಗಳು ತಿಂದು ಮುಗಿಸುವ ತನಕ ಬಾಚಣಿಗೆ ಮುಟ್ಟುತ್ತಿರಲಿಲ್ಲ.

ಐ.ಡಿ.ಹಳ್ಳಿಯ ಗಂಡನ ಮನೆಯಲ್ಲಿ ಹುಚ್ಚೆಳ್ಳು ಹುರಿದು ವರ್ಷಗಳಾಗಿದ್ದವು. ಇಲ್ಲಿ ಬೆಳಗೆಲ್ಲ ಮಗಳು ಪ್ರಿಯಾಂಕಳ ತಲೆಗೆ ಮೀಸಲು. ಮೊಣಕಾಲು ಮುಟ್ಟುವ ಕೂದಲು. ಸಿಕ್ಕು ಬಿಡಿಸಿ ಜಡೆ ಹೆಣೆಯುವಷ್ಟರಲ್ಲಿ ಮಧುಗಿರಿ ಬಸ್ಸಿನ ಹಾರನ್ ಕೇಳಿಸುತ್ತಿತ್ತು. ಹುಡುಗಿ ಅರ್ಧ ಲೋಟ ಕಾಫಿ ಕುಡಿದು ಕಾಲೇಜಿಗೆ ಓಡುತ್ತಿದ್ದಳು. ಆ ಜಡೆ ಅತ್ತೆ ಸಿದ್ದಗಂಗಮ್ಮನ ಹೆಮ್ಮೆ. ಯಾವ ಮದುವೆಗೆ ಹೋದರೂ ಮೊಮ್ಮಗಳನ್ನು ಬೆನ್ನು ತಿರುಗಿಸಿ ನಿಲ್ಲಿಸಿ ನೆಂಟರಿಗೆ ತೋರಿಸುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಬಾಚಣಿಗೆ ತುಂಬ ಕೂದಲು ಬರತೊಡಗಿತು. ಲೋಹಿತಾ ಮೊಸರು ಹಚ್ಚಿದಳು, ಮೆಂತ್ಯ ನೆನೆಸಿ ಅರೆದು ಹಚ್ಚಿದಳು. ಹಿತ್ತಲ ಕರಿಬೇವೆಲ್ಲ ಕೊಬ್ಬರಿ ಎಣ್ಣೆಗೆ ಬಿತ್ತು. ಸಾರಿನ ಒಗ್ಗರಣೆಗೆ ಒಂದೆಸಳೂ ಉಳಿಯಲಿಲ್ಲ. ಆದರೂ ಜಡೆ ಇಲಿಬಾಲವಾಗುತ್ತಾ ಬಂತು.

"ಇಂಗೇ ಉದುರಿದ್ರೆ ಬಾಬ್ ಕಟ್ ಮಾಡಿಸ್ಕೊಂಡ್ಬುಡ್ತೀನಿ," ಎಂದಳು ಪ್ರಿಯಾಂಕ.

"ನಾನಿರೋಗಂಟ ಕತ್ತರಿ ಮುಟ್ಟು, ನೋಡ್ತೀನಿ," ಎಂದಳು ಸಿದ್ದಗಂಗಮ್ಮ.

ಕೊನೆಗೆ ಮೂವರೂ ಮಧುಗಿರಿಯ ಡಾಕ್ಟರಮ್ಮನ ಹತ್ತಿರ ಹೋದರು. ಡಾಕ್ಟರಮ್ಮ ಹುಡುಗಿಯ ಕೆಳರೆಪ್ಪೆ ಎಳೆದು ನೋಡಿ ಪರೀಕ್ಷೆ ಮಾಡಿಸಿದರು. ರಕ್ತ ಕಡಿಮೆಯಿತ್ತು.

"ಬೆಳಿಗ್ಗೆ ಏನಮ್ಮ ತಿಂತೀಯ?"

"ನಾನೆಲ್ಲಿ ತಿಂತೀನಿ ಮೇಡಂ? ಮೊಸ್ರು, ಮೆಂತ್ಯ, ಕರಿಬೇವು, ಎಲ್ಲ ಅಮ್ಮ ತಲೆಗೇ ತಿನ್ನಿಸ್ತಾಳೆ. ಜಡೆ ಮುಗಿಯೋ ಹೊತ್ಗೆ ಬಸ್ ಬಂದ್ಬುಡುತ್ತೆ."

ಡಾಕ್ಟರಮ್ಮ ನಗಲಿಲ್ಲ. ಮಾತ್ರೆಯ ಚೀಟಿಯನ್ನು ಲೋಹಿತಾಳತ್ತ ಸರಿಸುತ್ತಾ, "ಕೂದಲಿನ ಊಟವೂ ಹೊಟ್ಟೆಯಿಂದಲೇ ಹೋಗಬೇಕು ಕಣಮ್ಮ. ಕಾಳು, ಸೊಪ್ಪು, ಕಡಲೆಕಾಯಿ, ಎಳ್ಳು ಕೊಡಿ. ನಿಧಾನಕ್ಕೆ ಸರಿಹೋಗುತ್ತೆ," ಎಂದರು. ಅತ್ತೆಯ ಎದುರಿಗೆ ಬೈಯಲಿಲ್ಲ. ಲೋಹಿತಾ ಡಾಕ್ಟರಮ್ಮನ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಮರುದಿನ ಪ್ರಿಯಾಂಕ ರೂಢಿಯಂತೆ ಬೆನ್ನು ತಿರುಗಿಸಿ ಕೂತಳು. ಬಾಚಣಿಗೆ ಬರಲಿಲ್ಲ. ಒಳಗೆ ಹುಚ್ಚೆಳ್ಳು ಚಟಪಟ ಸಿಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಂದೆ ತಟ್ಟೆ ಬಂತು: ರಾಗಿ ರೊಟ್ಟಿ, ಚಟ್ನಿ, ಬೇಯಿಸಿದ ಹುರುಳಿಕಾಳು.

"ಜಡೆ?"

"ಮೊದ್ಲು ತಿನ್ನು."

ಎರಡನೆಯ ರೊಟ್ಟಿ ಮುರಿಯುವಾಗ ಹಾರನ್ ಕೇಳಿಸಿತು. ಪ್ರಿಯಾಂಕ ಕೈ ತೊಳೆದು, ಕೂದಲನ್ನು ಒಟ್ಟು ಸೇರಿಸಿ ರಬ್ಬರ್‌ಬ್ಯಾಂಡ್ ಹಾಕಿಕೊಂಡು ಓಡಿದಳು.

"ಜಡೆ ಇಲ್ದೆ ಹೊಸ್ಲು ದಾಟಿದ್ಲಲ್ಲೇ ಲೋಹಿತಾ. ಒಳ್ಳೆ ಮಾರಿ ಇದ್ದಂಗವ್ಳೆ," ಎಂದಳು ಸಿದ್ದಗಂಗಮ್ಮ.

"ದಾಟ್ಲಿ ಬುಡಿ ಅತ್ತೆ. ಕೂದ್ಲು ಉಳಿದ್ರೆ ತಾನೆ ಜಡೆ."

ಸಿದ್ದಗಂಗಮ್ಮ ತಟ್ಟೆಯಲ್ಲಿ ಉಳಿದ ರೊಟ್ಟಿಯನ್ನು ನೋಡುತ್ತಾ ನಿಂತಳು. ಆಮೇಲೆ ಒಳಗೆ ಹೋಗಿ, ಒಲೆಯ ಪಕ್ಕದ ಬಿಸಿ ರೊಟ್ಟಿಗಳಿಗೆ ಚಟ್ನಿ ಸವರಿ ಡಬ್ಬಿಗೆ ತುಂಬಿದಳು. ಮೊಮ್ಮಗಳ ಹಿಂದೆ ಎಂದೂ ಬಸ್ಸಿನ ತನಕ ಹೋದವಳಲ್ಲ. ಇಂದು ಸೆರಗು ಬಿಗಿದುಕೊಂಡು ಬಿರಬಿರನೆ ನಡೆದಳು. ಹಾಲಿನ ಕ್ಯಾನುಗಳನ್ನು ಹತ್ತಿಸಿಕೊಳ್ಳುತ್ತಾ ಬಸ್ಸು ಇನ್ನೂ ನಿಂತಿತ್ತು.

ಲೋಹಿತಾ ಬಾಗಿಲಲ್ಲಿ ನಿಂತು ನೋಡಿದಳು. ಅತ್ತೆ ಮೊಮ್ಮಗಳ ಕಿಟಕಿಯೊಳಗೆ ಡಬ್ಬಿ ಚಾಚಿದಳು.