ವಿಚಾರಣೆಗೆ ಬಂದ ಡಬ್ಬಿ

ಸ್ಟ್ಯಾನ್ಮೋರ್‌ನ ಡಾಕ್ಟರ್ ಅನಂತಮೂರ್ತಿಯವರ ಮನೆಯ ಸ್ಟೀಲ್ ಡಬ್ಬಿ ಎಡ್ಸನ್‌ನ ತೊಡೆಯ ಮೇಲಿತ್ತು. ಹೋದ ವಾರ ಅದರ ತುಂಬ ಚಕ್ಕುಲಿ ಬಂದಿತ್ತು, ಜೊತೆಗೆ ಉಪದೇಶವೂ. ಡಬ್ಬಿಯನ್ನು ಖಾಲಿ ಮರಳಿಸಬಾರದೆಂದು ತಾಯಿ ಎಮಿಲ್ಡಾ ಕರ್ಜಿಕಾಯಿಯಂಥ ನೆವ್ರಿ ತುಂಬಿ ಕಳಿಸಿದ್ದಳು. ಉಪದೇಶವನ್ನು ಮರಳಿಸುವ ದಾರಿ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಪರದೇಶದ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಅವನು ಕೂತಿದ್ದ. ಮುಚ್ಚಿದ ಬಾಗಿಲಿನ ಆಚೆ ಅಕ್ಕ, ಡಾಕ್ಟರ್ ಕ್ಲಾರಿಸ್ಸಾಳ ವಿಚಾರಣೆ ನಡೆದಿತ್ತು. ಅವಳು ಒಬ್ಬಳೇ ಎರಡು ವಾರ್ಡ್ ನೋಡಿಕೊಳ್ಳುತ್ತಿದ್ದ ದಿನ ರೋಗಿಯೊಬ್ಬನ ಸ್ಥಿತಿ ಬಿಗಡಾಯಿಸಿತ್ತು. ಅಂದು ಇನ್ನೊಬ್ಬ ಡಾಕ್ಟರನ್ನು ಕೊಡಲಾಗದ ಆಡಳಿತಕ್ಕೆ ಈಗ ತಪ್ಪು ಹುಡುಕಲು ಮೂವರು ದೊಡ್ಡ ಡಾಕ್ಟರುಗಳು ಸಿಕ್ಕಿದ್ದರು. ತಪ್ಪು ಅವಳದೆಂದಾದರೆ ಕೆಲಸ ಹೋಗುತ್ತದೆ, ವೈದ್ಯವೃತ್ತಿಯ ನೋಂದಣಿಗೂ ಕುತ್ತು.

ಬೇರೆ ಆಸ್ಪತ್ರೆಯಿಂದ ಬಂದು ತೀರ್ಪಿಗೆ ಕೂತವರಲ್ಲಿ ಅನಂತಮೂರ್ತಿ ಒಬ್ಬರು. "ಯೂನಿಯನ್ನವರನ್ನೆಲ್ಲ ಕರ್ಕೊಂಡ್ಬಂದು ಜಗಳಗಂಟಿ ಅನ್ನಿಸ್ಕೋಬೇಡಮ್ಮ. ಒಂದ್ಸಲ ಸಾರಿ ಕೇಳ್ಬಿಡು, ಮುಗೀತು. ನಾನಿಲ್ವಾ?" ಎಂದು, ಹೋದ ವಾರ ಕ್ಲಾರಿಸ್ಸಾ ಅವರ ಮನೆಗೆ ಹೋದಾಗ, ಸೋಫಾದಲ್ಲಿ ಒರಗಿ ಅಭಯಹಸ್ತ ತೋರಿದ್ದರು. ಜೊತೆಗೊಬ್ಬರನ್ನು ಕರೆದೊಯ್ಯುವ ಹಕ್ಕು ಅವಳಿಗಿತ್ತು. ಪರಿಚಯದವರು ತೀರ್ಪಿಗೆ ಕೂತರೆ ಬೇಡವೆನ್ನುವ ಹಕ್ಕೂ ಇತ್ತು. ಎರಡನ್ನೂ ಅವಳು ಚಕ್ಕುಲಿಯ ಜೊತೆ ತಿಂದು ಮುಗಿಸಿದ್ದಳು.

ಚಹಾ ಬಿಡುವಿಗೆ ಅವಳು ಹೊರಬಂದಳು.

"ಎಂತಾಯ್ತು?"

"ಸಾರಿ ಕೇಳಿದೆ. ಹಾಗಾದ್ರೆ ತಪ್ಪು ಒಪ್ಪಿಕೊಂಡ ಹಾಗಾಯ್ತು ಅಂತ ಅವರೇ ಬರೆಸಿದ್ರು."

"ಅವರೇ ಅಂದ್ರೆ? ಚಕ್ಕುಲಿ ಡಾಕ್ಟ್ರಾ?"

"ಹ್ಞೂಂ. ಇವಳು ಯಾರಿಗಾದ್ರೂ ಪರಿಚಯವಾ ಅಂತ ಸಮಿತಿ ಅಧ್ಯಕ್ಷೆ ಮೊದ್ಲೇ ಕೇಳಿದ್ರು. ನಮ್ಮ ಡಾಕ್ಟ್ರು, ಮುಖ ಸಹ ನೋಡಿದ ನೆನಪಿಲ್ಲ ಅಂದ್ಬಿಟ್ರು."

"ನೀನು ಸುಮ್ನೆ ಕೂತಿಯಾ?"

"ಹಿರಿಯರು ಮಾರಾಯ. ಎದುರೆದುರೇ ಸುಳ್ಳು ಅನ್ಲಿಕ್ಕಾಗ್ತದಾ?"

"ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ! ನಿನ್ನ ಕೆಲಸ ತಿಂದು ತೇಗುವವನು ಹಿರಿಯನಂತೆ!" ಎಡ್ಸನ್ ಡಬ್ಬಿಯನ್ನು ಅವಳ ಕೈಗೆ ತುರುಕಿದ. "ಬಾಯಿ ಬಿಡ್ಲಿಕ್ಕಾಗದಿದ್ರೆ ಇದನ್ನಾದ್ರೂ ಕೊಡು, ಎಲ್ಲರ ಎದುರು."

ಕ್ಲಾರಿಸ್ಸಾ ಡಬ್ಬಿಯನ್ನು ಬಿಗಿಯಾಗಿ ಹಿಡಿದಳು. ಬಿಡುವು ಮುಗಿದೊಡನೆ ಒಳನಡೆದಳು. ಬಾಗಿಲು ಮುಚ್ಚದಂತೆ ಎಡ್ಸನ್ ಬೂಟು ಅಡ್ಡ ಇಟ್ಟ.

"ಸರ್, ಆಂಟಿಯ ಡಬ್ಬಿ. ಮಮ್ಮಿ ನೆವ್ರಿ ಕಳಿಸಿದ್ದಾರೆ."

ಅನಂತಮೂರ್ತಿಯವರ ಕೈಗಳು ತಾವಾಗಿ ಮುಂದೆ ಬಂದವು. ಬಾಯಿಯೂ ತಾನಾಗಿ ತೆರೆಯಿತು. "ಅಯ್ಯೋ, ಇದೆಲ್ಲಾ ಯಾಕಮ್ಮ? ನಮ್ಮನೇಲಿ ವಿಶಾಲಾಕ್ಷಿ ಈ ಡಬ್ಬಿನೇ ಹುಡುಕ್ತಿದ್ಲು..."

ಡಬ್ಬಿ ಕೈಯಲ್ಲೇ ಉಳಿಯಿತು. ಅಧ್ಯಕ್ಷೆಗೆ ಕನ್ನಡ ಬಾರದು, ಬರಬೇಕಾಗಿಯೂ ಇರಲಿಲ್ಲ. "ಮುಖದ ನೆನಪು ಬಂದಿತೇ, ಡಾಕ್ಟರ್?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಹಿರಿಯರು ನಮ್ಮ ಸಂಸ್ಕೃತಿ, ಸಂಪ್ರದಾಯ ಎಂದೇನೋ ತೊದಲಿದರು.

"ನಾನು ಇವರ ಮನೆಗೆ ಹೋಗಿದ್ದೆ," ಎಂದಳು ಕ್ಲಾರಿಸ್ಸಾ, ಅಧ್ಯಕ್ಷೆಯ ಭಾಷೆಯಲ್ಲೇ. "ಸಾರಿ ಕೇಳೆಂದು ಹೇಳಿಕೊಟ್ಟವರೂ ಇವರೇ. ಇವರು ಕೂತ ಕಡೆ ಇನ್ನು ಉತ್ತರ ಕೊಡುವುದಿಲ್ಲ. ಮುಂದಿನ ಸಲ ಯೂನಿಯನ್ನವರನ್ನು ಕರೆತರುತ್ತೇನೆ."

ವಿಚಾರಣೆ ಅಲ್ಲಿಗೆ ನಿಂತಿತು. ಬೇರೆ ಮೂವರ ಮುಂದೆ ಮೊದಲಿನಿಂದ ನಡೆಯಲಿ ಎಂದಾಯಿತು. ಕೆಲಸ ಉಳಿಯುತ್ತದೆಂದು ಯಾರೂ ಹೇಳಲಿಲ್ಲ. ಕ್ಲಾರಿಸ್ಸಾ ಯಾರನ್ನೂ ಕೇಳಲೂ ಇಲ್ಲ.

ಎಡ್ಸನ್ ಮಾತ್ರ ಬಾಗಿಲ ಸಂದಿಯಿಂದಲೇ ಕೂಗಿದ: "ಡಾಕ್ಟ್ರೇ, ನೆವ್ರಿ ಚೆನ್ನಾಗಿ ಜಗಿದು ತಿನ್ನಿ. ಡಬ್ಬಿ ನಿಮ್ದೇ. ಇನ್ನು ನಮ್ಮನೆ ಕಡೆ ಕಳಿಸ್ಬೇಡಿ."